ಕೆಂಪು ಧೂಳು, ತೆರವಾದ ಸ್ಥಾನ, ಅಯಸ್ಕಾಂತ

ಬಳ್ಳಾರಿಯ ಕಾಲೇಜೊಂದರ ಸಭಾಂಗಣದಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಮುಂದೆ, ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ನೆನಪಿದ್ದಷ್ಟು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಪಾತ್ರೆಗಳಿವೆ. ಗಾಜಿನ ಬಟ್ಟಲಿನಲ್ಲಿರುವುದು ಸಂಡೂರಿನ ಕಬ್ಬಿಣದ ಅದಿರಿನ ಪುಡಿ. ಇದರ ಬಣ್ಣವನ್ನು ನಿಮಗೆ ಯಾರೂ ಪರಿಚಯಿಸಬೇಕಿಲ್ಲ. ನಮ್ಮ ಬಾಗಿಲು, ಕಿಟಕಿ, ಒಣಹಾಕಿದ ಬಟ್ಟೆ, ರಸ್ತೆ ಬದಿಯ ಬೇವಿನ ಎಲೆ, ಎಲ್ಲದರ ಮೇಲೂ ಕುಳಿತಿರುವ ಬಣ್ಣ ಇದೇ. ಎರಡನೆಯದು ಮುಚ್ಚಳವಿರುವ ಪಿಂಗಾಣಿ ಮೂಸೆ. ಅದರೊಳಗಿರುವುದೂ ಇದೇ ಪುಡಿ. ಬೆಳಿಗ್ಗೆ ಅದಕ್ಕೆ ಸ್ವಲ್ಪ ಇದ್ದಿಲ ಪುಡಿ ಬೆರೆಸಿ, ಮುಚ್ಚಳ ಮುಚ್ಚಿ, ಇಲ್ಲಿನ ರಸಾಯನ ವಿಭಾಗದ ಕುಲುಮೆಯಲ್ಲಿ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟೆವು. ಆಮೇಲೆ ಮುಚ್ಚಳ ತೆಗೆಯದೆ ಪೂರ್ತಿ ತಣ್ಣಗಾಗಲು ಬಿಟ್ಟೆವು. ಬಿಸಿ ಇದ್ದಾಗಲೇ ತೆರೆದಿದ್ದರೆ ಗಾಳಿಯ ಆಮ್ಲಜನಕ ಒಳಗೆ ನುಗ್ಗಿ, ನಾವು ಮಾಡಿದ ಕೆಲಸವನ್ನು ಅಳಿಸಿಹಾಕುತ್ತಿತ್ತು.

ಮುಂದಿನ ಸಾಲಿನಲ್ಲಿ ಕುಳಿತಿರುವವರು ಯಾರಾದರೂ ಬನ್ನಿ. ಇದು ಸಾಮಾನ್ಯವಾದ ಲಾಳಾಕಾರದ ಅಯಸ್ಕಾಂತ. ಇದಕ್ಕೆ ಒಂದು ತೆಳು ಕಾಗದ ಸುತ್ತಿ ಮೊದಲು ಕೆಂಪು ಪುಡಿಯ ಹತ್ತಿರ ಹಿಡಿಯಿರಿ. ಒಂದೆರಡು ಕಣ ಕದಲಿದವು, ಅಷ್ಟೇ. ಈಗ ಮೂಸೆಯ ಮುಚ್ಚಳ ತೆಗೆಯಿರಿ. ಪುಡಿ ಕಪ್ಪಾಗಿದೆ. ಅಯಸ್ಕಾಂತವನ್ನು ಹತ್ತಿರ ತನ್ನಿ. ನೋಡಿ, ಮುಟ್ಟುವ ಮೊದಲೇ ಎದ್ದು ನಿಂತಿತು, ಮುಳ್ಳುಹಂದಿಯ ಮೈಯಂತೆ.

ನಾವು ಈ ಪುಡಿಗೆ ಕಬ್ಬಿಣ ಸೇರಿಸಲಿಲ್ಲ. ತೆಗೆದದ್ದು ಆಮ್ಲಜನಕವನ್ನು. ಕೆಂಪು ಅದಿರು ಹೆಮಟೈಟ್. ಅದರಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಕಪ್ಪು ಪುಡಿ ಮ್ಯಾಗ್ನಟೈಟ್. ಅದರಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಲೆಕ್ಕ ಹಾಕಿ ನೋಡಿ: ಒಂಬತ್ತು ಆಮ್ಲಜನಕಗಳಲ್ಲಿ ಒಂದೇ ಒಂದು ಹೊರಗೆ ಹೋಗಿದೆ. ಉಳಿದ ಎಂಟು ಅಲ್ಲೇ ಇವೆ. ಆದರೆ ಪುಡಿಯ ಕಾಂತತ್ವ ಇನ್ನೂರು ಪಟ್ಟಿಗಿಂತ ಹೆಚ್ಚಾಗಿದೆ. ಕಾಂತತ್ವ ಅಳೆಯುವವರು ಬಳಸುವ ಇ.ಎಂ.ಯು. ಎಂಬ ಮಾನದಲ್ಲಿ ಹೇಳುವುದಾದರೆ ಹೆಮಟೈಟ್‌ಗೆ ಗ್ರಾಮಿಗೆ ಅರ್ಧಕ್ಕೂ ಕಡಿಮೆ, ಮ್ಯಾಗ್ನಟೈಟ್‌ಗೆ ಸುಮಾರು 92.

ಬೆಂಕಿ ಬಿದ್ದ ಮಣ್ಣಿನಲ್ಲಿಯೂ ಇದೇ ನಡೆಯುತ್ತದೆ. ಉರಿಯುವ ಸೌದೆಯ ಕೆಳಗೆ ಗಾಳಿ ಸಾಲದು, ಇಂಗಾಲ ಬೇಕಾದಷ್ಟಿರುತ್ತದೆ. ಅಲ್ಲಿನ ಕೆಮ್ಮಣ್ಣು ಒಂದಿಷ್ಟು ಆಮ್ಲಜನಕ ಕಳೆದುಕೊಂಡು ಮೊದಲಿಗಿಂತ ಹೆಚ್ಚು ಕಾಂತವಾಗುತ್ತದೆ. ಸಾವಿರಾರು ವರ್ಷ ಹಿಂದಿನ ಒಲೆ ಎಲ್ಲಿತ್ತು ಎಂದು ಪುರಾತತ್ವ ಶಾಸ್ತ್ರಜ್ಞರು ನೆಲ ಅಗೆಯದೆಯೇ ಕಾಂತಮಾಪಕದಿಂದ ಹುಡುಕುವುದು ಈ ಗುಣದಿಂದಲೇ. ಇಲ್ಲಿಂದ ಹೊಸಪೇಟೆ ಕಡೆ ಹೋಗುವಾಗ ಕುಡತಿನಿಯ ಬೂದಿದಿಬ್ಬವನ್ನು ನೀವೆಲ್ಲ ನೋಡಿದ್ದೀರಿ. ನವಶಿಲಾಯುಗದ ಜನ ಸಗಣಿ ಸುಟ್ಟು ಎಬ್ಬಿಸಿದ ದಿಬ್ಬ ಅದು. ಅದರ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ, ಆ ಬೆಂಕಿಯ ಅಡಿಯ ಮಣ್ಣಿನ ನೆನಪು ನನಗೆ ಬರುತ್ತದೆ.

ಆಮ್ಲಜನಕ ತೆಗೆದಷ್ಟೂ ಕಾಂತತ್ವ ಹೆಚ್ಚುತ್ತದೆ ಎಂದು ಮಾತ್ರ ಬರೆದುಕೊಳ್ಳಬೇಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಅದಿರು ಹಂತ ಹಂತವಾಗಿ ಆಮ್ಲಜನಕ ಕಳೆದುಕೊಳ್ಳುತ್ತದೆ. ಕೆಂಪು ಹೆಮಟೈಟ್ ಮೊದಲು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಆಮೇಲೆ ವುಸ್ಟೈಟ್, ಕೊನೆಗೆ ಕಬ್ಬಿಣ. ಒಂದೊಂದು ಹಂತದ ಚೂರನ್ನೂ ತೆಗೆದು ತಟ್ಟನೆ ತಣಿಸಿ ಅಯಸ್ಕಾಂತ ಹಿಡಿದರೆ, ಮೊದಲನೆಯದು ದುರ್ಬಲ, ಎರಡನೆಯದು ಪ್ರಬಲ, ಮೂರನೆಯದರಲ್ಲಿ ಏನೂ ಇಲ್ಲ, ನಾಲ್ಕನೆಯದು ಮತ್ತೆ ಪ್ರಬಲ. ಏರಿ, ಇಳಿದು, ಮತ್ತೆ ಏರುವ ಈ ದಾರಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎಲೆಕ್ಟ್ರಾನ್‌ಗಳ ಬಳಿಗೆ ಹೋಗಬೇಕು.

ಎಲೆಕ್ಟ್ರಾನ್ ತಾನೇ ಒಂದು ಪುಟ್ಟ ಅಯಸ್ಕಾಂತ. ಎರಡು ಎಲೆಕ್ಟ್ರಾನ್‌ಗಳು ಜೋಡಿಯಾದಾಗ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ; ಲೆಕ್ಕ ಚುಕ್ತಾ. ಒಂಟಿಯಾಗಿ ಉಳಿದ ಎಲೆಕ್ಟ್ರಾನ್ ಕಾಂತತ್ವದ ಬೀಜ. ಹೆಮಟೈಟ್‌ನಲ್ಲಿ ಪ್ರತಿ ಕಬ್ಬಿಣದ ಅಯಾನಿನಲ್ಲೂ, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣುವಿನಲ್ಲೂ, ಇಂಥ ಐದು ಒಂಟಿ ಎಲೆಕ್ಟ್ರಾನ್‌ಗಳಿವೆ. ಐದು ಎಂದರೆ ಬಹಳ. ಹಾಗಿದ್ದೂ ಅದು ಅಯಸ್ಕಾಂತಕ್ಕೆ ಏಕೆ ಅಂಟುವುದಿಲ್ಲ?

ನಡುವೆ ಆಮ್ಲಜನಕ ನಿಂತಿದೆ. ಆಕ್ಸೈಡ್‌ನಲ್ಲಿ ಆಮ್ಲಜನಕ ಎರಡು ಎಲೆಕ್ಟ್ರಾನ್ ಪಡೆದು ತುಂಬಿಕೊಂಡಿರುತ್ತದೆ, ಅದಕ್ಕೆ ತನ್ನದೇ ಕಾಂತತ್ವ ಇಲ್ಲ. ಆದರೆ ಅದರ ಎಡಬಲದಲ್ಲಿರುವ ಎರಡು ಲೋಹದ ಅಯಾನುಗಳು ಅದರ ಮೂಲಕವೇ ಮಾತನಾಡಿಕೊಳ್ಳುತ್ತವೆ. ಬಹಳಷ್ಟು ಆಕ್ಸೈಡ್‌ಗಳಲ್ಲಿ ಆ ಮಾತುಕತೆಯ ಫಲ ಒಂದೇ: ನೀನು ಮೇಲೆ ನೋಡಿದರೆ ನಾನು ಕೆಳಗೆ ನೋಡುತ್ತೇನೆ. ಇದಕ್ಕೆ ಸೂಪರ್‌ಎಕ್ಸ್‌ಚೇಂಜ್ ಎಂದು ಹೆಸರು. 1934ರಲ್ಲಿ ಕ್ರಾಮರ್ಸ್ ಇದನ್ನು ಊಹಿಸಿದರು, 1950ರಲ್ಲಿ ಆ್ಯಂಡರ್ಸನ್ ಅದಕ್ಕೊಂದು ಗಟ್ಟಿ ಸಿದ್ಧಾಂತ ಕೊಟ್ಟರು. ಹೀಗೆ ಎದುರುಬದುರಾಗಿ ನಿಂತ ಅಯಾನುಗಳ ಸಾಲುಗಳನ್ನು 1949ರಲ್ಲಿ ಶುಲ್ ಮತ್ತು ಸ್ಮಾರ್ಟ್ ಎಂಬ ವಿಜ್ಞಾನಿಗಳು ನ್ಯೂಟ್ರಾನ್‌ಗಳ ಮೂಲಕ ಮೊದಲ ಬಾರಿಗೆ ಕಂಡರು. ಅವರು ಆರಿಸಿಕೊಂಡದ್ದು ಮ್ಯಾಂಗನೀಸಿನ ಆಕ್ಸೈಡ್. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಜೊತೆ ಸಿಗುವ ಇನ್ನೊಂದು ಲೋಹ ಅದೇ ಮ್ಯಾಂಗನೀಸ್.

ಹೆಮಟೈಟ್‌ನಲ್ಲಿ ಹೀಗೆ ಎದುರುಬದುರು ನಿಂತ ಅಯಾನುಗಳು ಒಂದು ಡಿಗ್ರಿಗಿಂತಲೂ ಬಹಳ ಕಡಿಮೆ ಓರೆಯಾಗಿರುತ್ತವೆ. ಆ ಓರೆಯಿಂದ ಉಳಿಯುವ ಚೂರು ಕಾಂತತ್ವವೇ ಈಗ ನೀವು ಕಂಡ ಒಂದೆರಡು ಕಣಗಳ ಕದಲಿಕೆ. ಮ್ಯಾಗ್ನಟೈಟ್‌ನಲ್ಲಿ ಅಯಾನುಗಳು ಕೂರುವ ವ್ಯವಸ್ಥೆಯೇ ಬೇರೆ. ಹೊರಗೆ ಹೋದ ಆಮ್ಲಜನಕ ಬಿಟ್ಟುಹೋದ ಎಲೆಕ್ಟ್ರಾನ್‌ಗಳಿಂದ ಕೆಲವು ಕಬ್ಬಿಣದ ಅಯಾನುಗಳು ಬದಲಾಗುತ್ತವೆ. ಹಳೆಯ ಬಗೆಯವು ತಮ್ಮತಮ್ಮಲ್ಲಿ ರದ್ದಾದ ಮೇಲೂ ಬದಲಾದವುಗಳ ಕಾಂತತ್ವ ರದ್ದಾಗದೆ ಉಳಿಯುತ್ತದೆ. ವುಸ್ಟೈಟ್‌ನಲ್ಲಿ ಮತ್ತೆ ಸಮ ಸಮ.

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ. ಮೂಸೆಯಲ್ಲಿ ನಡೆದದ್ದು ಒಂದು ಖನಿಜ ಇನ್ನೊಂದು ಖನಿಜವಾದ ಕತೆ. ನಾನು ಹತ್ತಾರು ವರ್ಷಗಳಿಂದ ಹಿಂದೆ ಬಿದ್ದಿರುವ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು: ಹರಳು ಹಾಗೆಯೇ ಇದ್ದು, ಅಲ್ಲಲ್ಲಿ ಒಂದೊಂದು ಆಮ್ಲಜನಕ ಮಾತ್ರ ಕಾಣೆಯಾದರೆ ಏನಾಗುತ್ತದೆ? ಅದೂ ಕಬ್ಬಿಣ, ಕೋಬಾಲ್ಟ್ ಯಾವುದೂ ಇಲ್ಲದ, ಹುಟ್ಟಿನಿಂದ ಕಾಂತವಲ್ಲದ ಆಕ್ಸೈಡಿನಲ್ಲಿ?

ಆಮ್ಲಜನಕ ಬಿಟ್ಟುಹೋದ ಜಾಗವನ್ನು ನಾನು ತೆರವು ಎಂದು ಕರೆಯುತ್ತೇನೆ. ಸ್ಥಾನ ತೆರವಾಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದೇ ಮಾತು. ಸ್ಥಾನ ಇದೆ, ಕೂರುವವರು ಇಲ್ಲ. ಸಿರುಗುಪ್ಪದ ಕಡೆಯಿಂದ ಬಂದವರಿಗೆ ಹತ್ತಿ ಹೊಲ ಗೊತ್ತು. ಸಾಲಿನಲ್ಲಿ ಒಂದು ಬೀಜ ಮೊಳೆಯದೆ ಹೋದರೆ ಆ ಜಾಗ ಸುಮ್ಮನೆ ಬಿದ್ದಿರುವುದಿಲ್ಲ. ಅದರ ಪಾಲಿನ ನೀರು, ಬಿಸಿಲು ಅಕ್ಕಪಕ್ಕದ ಗಿಡಗಳಿಗೆ ಸೇರುತ್ತದೆ, ಅವು ಆ ಕಡೆಗೆ ರೆಂಬೆ ಚಾಚುತ್ತವೆ. ಹರಳಿನಲ್ಲಿಯೂ ಹಾಗೆಯೇ. ಆಮ್ಲಜನಕ ಹೊರಗೆ ಹೋಗುವಾಗ ತಾನು ಪಡೆದಿದ್ದ ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಹೋಗುತ್ತದೆ. ಅವು ತೆರವಿನಲ್ಲಿಯೇ ಸಿಕ್ಕಿಬೀಳಬಹುದು, ಇಲ್ಲವೇ ಪಕ್ಕದ ಲೋಹಕ್ಕೆ ಸೇರಬಹುದು. ಸೀರಿಯಂ ಆಕ್ಸೈಡ್ ತೆಗೆದುಕೊಳ್ಳಿ, ಗಾಜಿಗೆ ಹೊಳಪು ಕೊಡಲು ಬಳಸುವ ಪುಡಿ. ಅದರಲ್ಲಿ ಸೀರಿಯಂಗೆ ಒಂಟಿ ಎಲೆಕ್ಟ್ರಾನ್ ಇಲ್ಲ. ಒಂದು ಆಮ್ಲಜನಕ ಹೋದರೆ ಎರಡು ಸೀರಿಯಂ ಅಯಾನುಗಳಿಗೆ ಒಂದೊಂದು ಒಂಟಿ ಎಲೆಕ್ಟ್ರಾನ್ ಸಿಗುತ್ತದೆ. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಆಕ್ಸೈಡ್‌ನಲ್ಲಿಯೂ ಇದೇ ಕತೆ. ಆ ಬಿಳಿಯ ವಸ್ತುವನ್ನು ನಿರ್ವಾತದಲ್ಲಿ ಬಿಸಿ ಮಾಡಿದರೆ ನೀಲಿ ಛಾಯೆ ಬರುತ್ತದೆ, ಇನ್ನೂ ಮಾಡಿದರೆ ಕಪ್ಪಾಗುತ್ತದೆ. ತೆರವಾಗುತ್ತಿರುವುದನ್ನು ಬರಿಗಣ್ಣಿಗೇ ತೋರಿಸುವ ಬಣ್ಣ ಅದು.

ಇಂಥ ತೆರವುಗಳನ್ನು ನ್ಯಾನೊ ಕಣಗಳಲ್ಲಿ, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಾದ ನ್ಯಾನೊಮೀಟರಿನಲ್ಲಿ ಅಳೆಯುವ ಕಣಗಳಲ್ಲಿ, ಹುಡುಕುವುದು ಏಕೆ ಎಂಬುದಕ್ಕೆ ಉತ್ತರ ಸರಳ. ಹರಳಿನ ಹೊಟ್ಟೆಯೊಳಗಿನ ಆಮ್ಲಜನಕವನ್ನು ಕೀಳುವುದು ಕಷ್ಟ, ಮೈಮೇಲಿನದನ್ನು ಕೀಳುವುದು ಸುಲಭ. 50 ನ್ಯಾನೊಮೀಟರ್ ಅಗಲದ ಕಣದಲ್ಲಿ ಹೊರಪದರದಲ್ಲಿರುವ ಪರಮಾಣುಗಳು ಶೇಕಡಾ 3ರಷ್ಟು. 5 ನ್ಯಾನೊಮೀಟರ್ ಕಣದಲ್ಲಿ ಅವು ನಾಲ್ಕರಲ್ಲಿ ಒಂದು ಪಾಲು. ಇಷ್ಟು ಚಿಕ್ಕ ಕಣದಲ್ಲಿ ಅಂಚನ್ನು ಕಡೆಗಣಿಸುವಂತಿಲ್ಲ.

ಈ ಕ್ಷೇತ್ರಕ್ಕೆ ಜನ ಮುಗಿಬಿದ್ದದ್ದು 2000ದ ನಂತರ. ಆ ವರ್ಷ ಡೀಟ್ಲ್ ಮತ್ತು ಸಂಗಡಿಗರು, ಮ್ಯಾಂಗನೀಸ್ ಬೆರೆಸಿದ ಸತುವಿನ ಆಕ್ಸೈಡ್ ಕೋಣೆಯ ಉಷ್ಣತೆಯಲ್ಲೂ ಅಯಸ್ಕಾಂತವಾಗಿ ಉಳಿಯಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಜಪಾನಿನಿಂದ ಕೋಬಾಲ್ಟ್ ಬೆರೆಸಿದ ಟೈಟಾನಿಯಂ ಆಕ್ಸೈಡ್‌ನ ಸುದ್ದಿ ಬಂತು. ವಿದ್ಯುತ್ತನ್ನೂ ಹರಿಸುವ, ಕಾಂತವೂ ಆಗಿರುವ ಪಾರದರ್ಶಕ ವಸ್ತು! ಎಲ್ಲ ಕಡೆ ಕುಲುಮೆಗಳು ಹೊತ್ತಿಕೊಂಡವು. ಬೆರೆಸಿದ ಕೋಬಾಲ್ಟ್ ತೀರಾ ಕಡಿಮೆ ಇದ್ದರೂ ಅವು ಪರಸ್ಪರ ಹೇಗೆ ಮಾತನಾಡಿಕೊಳ್ಳುತ್ತವೆ ಎಂಬ ಪ್ರಶ್ನೆಗೆ 2005ರಲ್ಲಿ ಡಬ್ಲಿನ್‌ನ ಮೈಕೇಲ್ ಕೋಯಿ ಗುಂಪು ಒಂದು ಉತ್ತರ ಮುಂದಿಟ್ಟಿತು. ತೆರವಿನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ಒಂದೇ ಬಿಂದುವಿನಲ್ಲಿ ಕೂರುವುದಿಲ್ಲ. ನ್ಯಾನೊಮೀಟರಿನ ಆಸುಪಾಸಿನ ಒಂದು ವರ್ತುಲದಲ್ಲಿ ಹರಡಿಕೊಂಡಿರುತ್ತದೆ. ಆ ವರ್ತುಲದೊಳಗೆ ಬಿದ್ದ ಕೋಬಾಲ್ಟ್ ಅಯಾನುಗಳನ್ನೆಲ್ಲ ಅದು ಒಂದೇ ಕಡೆಗೆ ತಿರುಗಿಸುತ್ತದೆ. ತೆರವುಗಳು ಹೆಚ್ಚಿ ವರ್ತುಲಗಳು ಒಂದರ ಮೇಲೊಂದು ಬಂದರೆ ಇಡೀ ಹರಳು ಒಂದೇ ದಿಕ್ಕಿಗೆ ನಿಲ್ಲುತ್ತದೆ. ಚೆಂದದ ವಾದ. ಈಗಲೂ ನಾನು ತರಗತಿಯಲ್ಲಿ ಇದನ್ನು ಹೇಳಿಕೊಡುವಾಗ ಖುಷಿಪಡುತ್ತೇನೆ.

ಅಷ್ಟರಲ್ಲಿ ಇದಕ್ಕಿಂತ ವಿಚಿತ್ರವಾದ ಸಂಗತಿ ಹೊರಬಂದಿತ್ತು. 2004ರಲ್ಲಿ ಅದೇ ಡಬ್ಲಿನ್ ಗುಂಪು ಹ್ಯಾಫ್ನಿಯಂ ಆಕ್ಸೈಡಿನ ತೆಳುಪದರದಲ್ಲಿ, ಏನನ್ನೂ ಬೆರೆಸದೆಯೇ ಕಾಂತತ್ವ ಕಂಡಿದ್ದೇವೆ ಎಂದಿತು. 2006ರಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಎ. ಸುಂದರೇಶನ್, ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಇನ್ನೂ ದಿಟ್ಟವಾದ ಮಾತು ಹೇಳಿದರು: ಸೀರಿಯಂ, ಅಲ್ಯೂಮಿನಿಯಂ, ಸತು, ಇಂಡಿಯಂ, ತವರ, ಇವುಗಳ ಆಕ್ಸೈಡ್‌ಗಳು 7ರಿಂದ 30 ನ್ಯಾನೊಮೀಟರ್ ಕಣಗಳಾದಾಗ ಕೋಣೆಯ ಉಷ್ಣತೆಯಲ್ಲಿ ಫೆರೋಕಾಂತಗಳಾಗುತ್ತವೆ, ಅಂದರೆ ಕಬ್ಬಿಣದಂತೆ ತಾವೇ ಅಯಸ್ಕಾಂತವಾಗಬಲ್ಲವು. ಅದೇ ಪುಡಿಯನ್ನು ಹೆಚ್ಚು ಉಷ್ಣತೆಯಲ್ಲಿ ಬೇಯಿಸಿ ದೊಡ್ಡ ಹರಳು ಮಾಡಿದರೆ ಕಾಂತತ್ವ ಹೊರಟುಹೋಗುತ್ತದೆ. ಮೈಮೇಲಿನ ಆಮ್ಲಜನಕದ ತೆರವುಗಳೇ ಇದಕ್ಕೆ ಕಾರಣವಿರಬೇಕು ಎಂಬುದು ಅವರ ಅಭಿಪ್ರಾಯ. ನಾನಾಗ ಸಂಶೋಧನಾ ವಿದ್ಯಾರ್ಥಿನಿ. ಆ ಲೇಖನವನ್ನು ಬಸ್ಸಿನಲ್ಲಿ ಕುಳಿತು ಓದಿದ್ದು, ಇಳಿಯುವ ನಿಲ್ದಾಣ ದಾಟಿಹೋದದ್ದು ಈಗಲೂ ನೆನಪಿದೆ.

ಆದರೆ ಈ ಕಾಂತತ್ವ ಎಷ್ಟು ಎಂದು ಕೇಳಬೇಕು. ಗ್ರಾಮಿಗೆ ಒಂದು ಇ.ಎಂ.ಯು.ವಿನ ಸಾವಿರದ ಒಂದು ಪಾಲಿನ ಆಸುಪಾಸು. ಮ್ಯಾಗ್ನಟೈಟ್‌ಗೆ 92 ಎಂದೆನಲ್ಲ, ಪಕ್ಕಪಕ್ಕ ಇಟ್ಟು ಭಾಗಿಸಿ ನೋಡಿ. ಅಳೆಯಲು ಇಟ್ಟ ಪುಡಿ 50 ಮಿಲಿಗ್ರಾಮ್ ಎಂದುಕೊಳ್ಳಿ. ಆ ಪುಡಿಯಲ್ಲಿ ಅರ್ಧ ಮೈಕ್ರೋಗ್ರಾಮ್ ಮ್ಯಾಗ್ನಟೈಟ್ ಬಿದ್ದಿದ್ದರೆ ಸಾಕು, ಅಷ್ಟೇ ಸಂಕೇತ ಬರುತ್ತದೆ. ಅರ್ಧ ಮೈಕ್ರೋಗ್ರಾಮ್ ಎಂದರೆ ಕೂದಲಿಗಿಂತ ಸಣ್ಣಗಿನ ಒಂದೇ ಒಂದು ಕಪ್ಪು ಕಣ.

ಹ್ಯಾಫ್ನಿಯಂ ಆಕ್ಸೈಡಿನ ವಿಷಯದಲ್ಲಿ ಅಮೆರಿಕದ ಒಂದು ತಂಡ 2005ರಲ್ಲಿ ಇದನ್ನೇ ತೋರಿಸಿತು. ಮಾದರಿಯನ್ನು ಉಕ್ಕಿನ ಚಿಮಟದಿಂದ ಹಿಡಿದರೆ ಕಾಂತತ್ವ ಇದೆ. ಉಕ್ಕು ಮುಟ್ಟದ ಹಾಗೆ ಎಚ್ಚರಿಕೆ ವಹಿಸಿದರೆ ಇಲ್ಲ.

ಈಗ ನನ್ನ ಸ್ವಂತ ಅನುಭವ ಹೇಳುತ್ತೇನೆ. ನಾನು ಇಲ್ಲಿಯವರೆಗೆ ಬಂದು ಈ ವಿಷಯ ಮಾತನಾಡಲು ಒಪ್ಪಿಕೊಂಡದ್ದು ಇದನ್ನು ಹೇಳಲಿಕ್ಕಾಗಿಯೇ.

ಸತುವಿನ ಆಕ್ಸೈಡಿನ ನ್ಯಾನೊ ಪುಡಿಯನ್ನು ಒಂದು ಬೇಸಿಗೆ ರಜೆಯಲ್ಲಿ ಈ ಊರಿನ ಒಂದು ಪ್ರಯೋಗಾಲಯದಲ್ಲಿ ತಯಾರಿಸಿದೆ. ತೊಳೆದು, ಗಾಜಿನ ತಟ್ಟೆಯಲ್ಲಿ ಹರಡಿ, ಮೇಲೆ ಸೋಸುಕಾಗದ ಮುಚ್ಚಿ, ಕಿಟಕಿಯ ಬಳಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮಲ್ಲಿಗೆ ಹೂವಿನಂತೆ ಬೆಳ್ಳಗಿತ್ತು. ಅದನ್ನು ಕಾಂತಮಾಪಕ ಇರುವ ಊರಿಗೆ ಒಯ್ದು ಅಳೆದಾಗ ಏನೂ ಇರಲಿಲ್ಲ. ಆಮೇಲೆ ಅರ್ಧ ಪುಡಿಯನ್ನು ಸ್ವಲ್ಪ ಹೈಡ್ರೋಜನ್ ಬೆರೆತ ಆರ್ಗಾನ್ ಅನಿಲದಲ್ಲಿ 400 ಡಿಗ್ರಿಗೆ ಬಿಸಿ ಮಾಡಿದೆ, ಆಮ್ಲಜನಕ ತೆಗೆಯಲೆಂದು. ಮತ್ತೆ ಅಳೆದೆ. ಪರದೆಯ ಮೇಲೆ ಫೆರೋಕಾಂತದ ಗುರುತಾದ ಕುಣಿಕೆಯಾಕಾರದ ಗೆರೆ ಮೂಡಿತು. ಅದೇ ಪುಡಿಯನ್ನು ಆಮ್ಲಜನಕದಲ್ಲಿ ಬಿಸಿ ಮಾಡಿದೆ, ಕುಣಿಕೆ ಕುಗ್ಗಿತು. ಮತ್ತೆ ಹೈಡ್ರೋಜನ್, ಮತ್ತೆ ಕುಣಿಕೆ. ತೆರವು ಮಾಡಿದರೆ ಕಾಂತತ್ವ ಬರುತ್ತದೆ, ತುಂಬಿದರೆ ಹೋಗುತ್ತದೆ! ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೇನು ಬೇಕು? ಆ ರಾತ್ರಿಯೇ ಲೇಖನ ಬರೆಯಲು ಕುಳಿತೆ.

ನನ್ನ ಮಾರ್ಗದರ್ಶಕರು ಲೇಖನವನ್ನು ಓದಿ ಒಂದೇ ಪ್ರಶ್ನೆ ಕೇಳಿದರು. "ಪುಡಿ ಒಣಗಿಸಿದ್ದು ಎಲ್ಲಮ್ಮಾ?"

ಬಳ್ಳಾರಿಯಲ್ಲಿ ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಹೇಳುವುದಕ್ಕೆ ಮುಂಚೆಯೇ ನನಗೆ ಹೊಳೆಯಿತು; ಕುಳಿತಲ್ಲೇ ಮೈ ತಣ್ಣಗಾಯಿತು.

ನೀವು ಈಗ ಈ ಮೂಸೆಯಲ್ಲಿ ಕಂಡದ್ದನ್ನು ನೆನಪಿಸಿಕೊಳ್ಳಿ. ಕಿಟಕಿಯಿಂದ ಬಂದು ಕುಳಿತ ಕೆಂಪು ಧೂಳಿನ ಒಂದೆರಡು ಕಣ ಹೆಮಟೈಟ್. ಅದು ದುರ್ಬಲ ಕಾಂತ, ಮಾಪಕಕ್ಕೆ ಕಾಣಿಸುವುದೇ ಇಲ್ಲ. ಹೈಡ್ರೋಜನ್‌ನಲ್ಲಿ ಬಿಸಿ ಮಾಡಿದರೆ ಅದು ಮ್ಯಾಗ್ನಟೈಟ್ ಆಗುತ್ತದೆ, ಕುಣಿಕೆ ಮೂಡುತ್ತದೆ. ಆಮ್ಲಜನಕದಲ್ಲಿ ಬಿಸಿ ಮಾಡಿದರೆ ಮತ್ತೆ ಕೆಂಪಾಗುವ ದಾರಿ ಹಿಡಿಯುತ್ತದೆ, ಕುಣಿಕೆ ಕುಗ್ಗುತ್ತದೆ. ತೆರವಿನಿಂದ ಕಾಂತತ್ವ ಬಂದರೂ ಇದೇ ವರ್ತನೆ, ಧೂಳಿನಿಂದ ಬಂದರೂ ಇದೇ ವರ್ತನೆ. ಇವೆರಡನ್ನು ಬೇರ್ಪಡಿಸುತ್ತದೆ ಎಂದು ನಾನು ನಂಬಿದ್ದ ಪರೀಕ್ಷೆಯೇ ಇವೆರಡನ್ನೂ ಒಂದಾಗಿ ತೋರಿಸುತ್ತಿತ್ತು. ಪುಡಿಯನ್ನು ರಾಸಾಯನಿಕ ವಿಶ್ಲೇಷಣೆಗೆ ಕಳಿಸಿದೆವು. ಕಬ್ಬಿಣ ಇತ್ತು. ಲೇಖನವನ್ನು ಹಿಂದಕ್ಕೆ ತೆಗೆದಿಟ್ಟೆ.

ಅಂದಿನಿಂದ ಪ್ಲಾಸ್ಟಿಕ್ ಚಮಚ, ಪ್ಲಾಸ್ಟಿಕ್ ಚಿಮಟ, ಮುಚ್ಚಿದ ಪೆಟ್ಟಿಗೆಯಲ್ಲೇ ಒಣಗಿಸುವುದು, ಪುಡಿಯಿಲ್ಲದ ಖಾಲಿ ಕೊಳವೆಯನ್ನೂ ಅದೇ ಕುಲುಮೆಯಲ್ಲಿ ಅದೇ ರೀತಿ ಬಿಸಿ ಮಾಡಿ ಅಳೆಯುವುದು, ಪ್ರತಿ ಹಂತದ ಮುಂಚೆ ಮತ್ತು ನಂತರ ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳನ್ನು ದಶಲಕ್ಷದಲ್ಲಿ ಒಂದು ಭಾಗದವರೆಗೆ ಹುಡುಕುವುದು, ಇವು ನನಗೆ ಕೈ ತೊಳೆದು ಊಟಕ್ಕೆ ಕೂರುವಷ್ಟು ಸಹಜವಾಗಿವೆ. ಇನ್ನೊಂದು ಒಳ್ಳೆಯ ಗುರುತೂ ಇದೆ. ಮ್ಯಾಗ್ನಟೈಟನ್ನು ತಣಿಸುತ್ತಾ ಹೋದರೆ ಸುಮಾರು ಮೈನಸ್ 150 ಡಿಗ್ರಿಯ ಬಳಿ ಅದರ ಕಾಂತತ್ವದಲ್ಲಿ ಒಂದು ತಿರುವು ಕಾಣಿಸುತ್ತದೆ, ಅದಕ್ಕೆ ವರ್ವೇ ಪರಿವರ್ತನೆ ಎಂದು ಹೆಸರು. ಆ ತಿರುವು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಆದರೆ ತೀರಾ ಸಣ್ಣ ಕಣಗಳಲ್ಲಿ ಅದು ಮಸುಕಾಗುತ್ತದೆ, ಆದ್ದರಿಂದ ಕಾಣಲಿಲ್ಲ ಎಂಬ ಕಾರಣಕ್ಕೆ ಮ್ಯಾಗ್ನಟೈಟ್ ಇಲ್ಲ ಎನ್ನುವಂತಿಲ್ಲ.

ಇದೇ ಸಂದರ್ಭದಲ್ಲಿ ನನ್ನ ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಎಕ್ಸ್-ಕಿರಣ ಬಿಟ್ಟು ಮೈಮೇಲಿನ ಪರಮಾಣುಗಳಿಂದ ಎಲೆಕ್ಟ್ರಾನ್ ಹೊರಡಿಸಿ ಅಳೆಯುವ ವಿಧಾನವೊಂದಿದೆ. ಅದರಲ್ಲಿ ಆಮ್ಲಜನಕದ ಮುಖ್ಯ ಶಿಖರದ ಪಕ್ಕದಲ್ಲಿ, 531 ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ, ಒಂದು ಸಣ್ಣ ಭುಜ ಕಾಣಿಸುತ್ತದೆ. ಲೆಕ್ಕವಿಲ್ಲದಷ್ಟು ಲೇಖನಗಳಲ್ಲಿ ಆ ಭುಜಕ್ಕೆ ಆಮ್ಲಜನಕದ ತೆರವು ಎಂದು ಹೆಸರು ಬರೆದಿರುತ್ತಾರೆ. ಯೋಚಿಸಿ: ತೆರವು ಎಂದರೆ ಅಲ್ಲಿ ಆಮ್ಲಜನಕ ಇಲ್ಲ. ಇಲ್ಲದ ಪರಮಾಣುವಿನಿಂದ ಎಲೆಕ್ಟ್ರಾನ್ ಹೇಗೆ ಹೊರಬರುತ್ತದೆ? ಆ ಭುಜ ಹೆಚ್ಚಿನ ಸಲ ಮೈಗೆ ಅಂಟಿದ ನೀರಿನದು, ಹೈಡ್ರಾಕ್ಸಿಲ್‌ನದು. ತೆರವನ್ನು ತೋರಿಸಬೇಕಾದರೆ ಅದು ಬಿಟ್ಟುಹೋದ ಒಂಟಿ ಎಲೆಕ್ಟ್ರಾನನ್ನು ಸ್ಪಿನ್ ಅನುರಣನ ವಿಧಾನದಿಂದ ಹುಡುಕಬೇಕು, ಬದಲಾದ ಲೋಹದ ಅಯಾನನ್ನು ತೋರಿಸಬೇಕು, ಪುಡಿ ಎಷ್ಟು ತೂಕ ಕಳೆದುಕೊಂಡಿತು ಎಂದು ತೂಗಬೇಕು. ಶ್ರಮದ ಕೆಲಸ. ಮಾಡಲೇಬೇಕಾದ ಕೆಲಸ.

ಇಷ್ಟು ಕೇಳಿದ ಮೇಲೆ, ಆಮ್ಲಜನಕದ ತೆರವು ಕಾಂತತ್ವವನ್ನು ಬದಲಿಸುತ್ತದೆ ಎಂಬುದೆಲ್ಲ ಧೂಳಿನ ಆಟ ಎಂದುಕೊಂಡು ಮನೆಗೆ ಹೋಗಬೇಡಿ. ಸಂಶಯಕ್ಕೆ ಎಡೆಯೇ ಇಲ್ಲದ ಉದಾಹರಣೆಗಳಿವೆ. ಯುರೋಪಿಯಂ ಆಕ್ಸೈಡ್ ಮೈನಸ್ 204 ಡಿಗ್ರಿಗಿಂತ ಕೆಳಗೆ ಮಾತ್ರ ಫೆರೋಕಾಂತ. ಅದರಲ್ಲಿ ಸ್ವಲ್ಪ ಆಮ್ಲಜನಕ ಕಡಿಮೆ ಮಾಡಿದರೆ, ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಯುರೋಪಿಯಂಗಳ ನಡುವೆ ಓಡಾಡಿ ನಂಟು ಬಿಗಿಗೊಳಿಸುತ್ತವೆ, ಆ ಗಡಿ ಹತ್ತಾರು ಡಿಗ್ರಿ ಮೇಲೇರುತ್ತದೆ. ಸ್ಟ್ರಾಂಷಿಯಂ ಕೋಬಾಲ್ಟ್ ಆಕ್ಸೈಡ್‌ನಲ್ಲಿ ಆಮ್ಲಜನಕ ಪೂರ್ತಿ ಇದ್ದರೆ ವಿದ್ಯುತ್ ಹರಿಸುವ ಫೆರೋಕಾಂತ. ಆರರಲ್ಲಿ ಒಂದು ಆಮ್ಲಜನಕ ತೆಗೆದರೆ ವಿದ್ಯುತ್ ಹರಿಸದ, ಎದುರುಬದುರು ನಿಂತ ಕಾಂತ. ಲ್ಯಾಂಥನಂ ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನ್ ಜಿಗಿಯುವುದು ಆಮ್ಲಜನಕದ ಸೇತುವೆಯ ಮೇಲಿಂದಲೇ. ಸೇತುವೆ ತೆಗೆದರೆ ಕಾಂತತ್ವ ಕುಗ್ಗುತ್ತದೆ. ಹೀಗೆ ಒಂದು ಕಡೆ ತೆರವು ಕಾಂತತ್ವವನ್ನು ಬೆಳೆಸುತ್ತದೆ, ಇನ್ನೊಂದು ಕಡೆ ಕೊಲ್ಲುತ್ತದೆ. ಎಲ್ಲಕ್ಕೂ ಅನ್ವಯಿಸುವ ಒಂದೇ ಸೂತ್ರ ಹುಡುಕುವವರಿಗೆ ನಿರಾಸೆಯಾಗಬಹುದು. ನನಗೆ ಇದರಲ್ಲೇ ಸಂತೋಷ: ಒಂದೊಂದು ಆಕ್ಸೈಡನ್ನೂ ಅದರ ಮನೆಗೇ ಹೋಗಿ ಮಾತನಾಡಿಸಬೇಕು.

ಹಾಗಾದರೆ ಸೀರಿಯಂ ಆಕ್ಸೈಡ್? ಕೋಯಿ ಅವರ ಗುಂಪು ಅದನ್ನು ಬಿಡದೆ ಹಿಂಬಾಲಿಸಿ 2016ರಲ್ಲಿ ಇನ್ನೊಂದು ಲೇಖನ ಪ್ರಕಟಿಸಿತು. ಕಾಂತವಲ್ಲದ ಬೇರೊಂದು ಪುಡಿಯನ್ನು ಬೆರೆಸಿ ಸೀರಿಯಂ ಆಕ್ಸೈಡಿನ ಕಣಗಳ ಗುಂಪುಗಳನ್ನು ಬಿಡಿಸುತ್ತಾ ಹೋದಾಗ, ಗುಂಪುಗಳು ಸುಮಾರು 100 ನ್ಯಾನೊಮೀಟರಿಗಿಂತ ಚಿಕ್ಕದಾದ ಮೇಲೆ ಕಾಂತತ್ವ ಮಾಯವಾಯಿತು. ಕಬ್ಬಿಣದ ಕಲ್ಮಶವಾಗಿದ್ದರೆ ಪುಡಿ ಚದುರಿದರೂ ಅದರ ಕಾಂತತ್ವ ಉಳಿಯಬೇಕಿತ್ತು. ಇದು ಸಾಮಾನ್ಯ ಫೆರೋಕಾಂತವೇ ಅಲ್ಲ, ಗುಂಪಾಗಿದ್ದಾಗ ಮಾತ್ರ ಹುಟ್ಟುವ ಬೇರೊಂದು ಬಗೆ ಎಂದು ಅವರು ವಾದಿಸಿದರು. 2004ರಲ್ಲಿ ತಾವೇ ಎಬ್ಬಿಸಿದ ಪ್ರಶ್ನೆಯನ್ನು ಹನ್ನೆರಡು ವರ್ಷ ಕೈಬಿಡದೆ, ಹೊಸ ಸಾಕ್ಷಿ ಬಂದಂತೆ ಉತ್ತರವನ್ನು ಬದಲಿಸಿಕೊಂಡ ಆ ಗುಂಪಿನ ಮೇಲೆ ನನಗೆ ಅಪಾರ ಗೌರವವಿದೆ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆಗಳು ಬಂದವು.

ಗಣಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಎದ್ದು ನಿಂತರು. "ಮೇಡಂ, ನಾವು ಅದಿರಿನಲ್ಲಿ ಕಬ್ಬಿಣ ಶೇಕಡಾ 62, 63 ಎಂದು ಬರೆದವರು. ದಶಮಾಂಶದ ಆಚೆ ಎರಡನೆಯ ಅಂಕಿ ಬಂದರೆ ಬಿಟ್ಟುಬಿಡುತ್ತಿದ್ದೆವು. ನೀವು ದಶಲಕ್ಷದಲ್ಲಿ ಒಂದು ಎನ್ನುತ್ತೀರಿ. ಈ ಊರಿನಲ್ಲಿ ಅಂಥ ಶುದ್ಧ ಪುಡಿ ಮಾಡಲು ಸಾಧ್ಯವೇ?"

ಸಾಧ್ಯ ಎಂದೆ. ಒಂದು ಸಣ್ಣ ಕೋಣೆ ಸಾಕು. ಕಿಟಕಿ ಇರಬಾರದು, ಸೋಸಿದ ಗಾಳಿ ಒಳಗಿನಿಂದ ಹೊರಕ್ಕೆ ತಳ್ಳುತ್ತಿರಬೇಕು, ಚಪ್ಪಲಿ ಹೊರಗೆ ಬಿಡಬೇಕು. ದೇವರ ಮನೆಗೆ ನಾವು ಈಗಲೂ ಹಾಗೆಯೇ ಹೋಗುತ್ತೇವಲ್ಲ ಸರ್, ಎಂದಾಗ ಅವರು ತಲೆಯಾಡಿಸಿದರು. ಇನ್ನೊಂದು ಮಾತನ್ನೂ ಸೇರಿಸಿದೆ: ಕಡಿಮೆ ದರ್ಜೆಯ ಅದಿರನ್ನು ಹುರಿದು ಮ್ಯಾಗ್ನಟೈಟ್ ಮಾಡಿ, ಅಯಸ್ಕಾಂತದಿಂದ ಬೇರ್ಪಡಿಸುವ ವಿಧಾನ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಂಡೂರಿನ ಪಟ್ಟೆಪಟ್ಟೆ ಹೆಮಟೈಟ್ ಬಂಡೆಗಳಿಗೆ ಅದು ಒಗ್ಗುವ ದಾರಿ. ಆಮ್ಲಜನಕ ಮತ್ತು ಕಾಂತತ್ವದ ನಂಟು ನಮ್ಮ ಜಿಲ್ಲೆಗೆ ಹೊಟ್ಟೆಪಾಡಿನ ವಿಷಯವೂ ಹೌದು.

ಇದರಿಂದ ಪ್ರಯೋಜನ ಏನು ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ತೆಳುಪದರಕ್ಕೆ ಸಣ್ಣ ವೋಲ್ಟೇಜ್ ಕೊಟ್ಟು ಆಮ್ಲಜನಕವನ್ನು ಒಳಗೆ ಹೊರಗೆ ಸರಿಸಿ ಕಾಂತತ್ವವನ್ನು ಹೊತ್ತಿಸುವ, ಆರಿಸುವ ಪ್ರಯತ್ನಗಳು ನಡೆಯುತ್ತಿವೆ. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಸ್ಮೃತಿ ಅದರ ಗುರಿ. ಆಮ್ಲಜನಕ ಸರಿಯುವ ವೇಗ ಸದ್ಯಕ್ಕೆ ಅದರ ದೊಡ್ಡ ತೊಡಕು ಎಂದೂ ಹೇಳಿದೆ.

ಕೊನೆಯದಾಗಿ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಕೇಳಿದಳು. "ಮೇಡಂ, ನಿಮ್ಮ ಸತುವಿನ ಆಕ್ಸೈಡ್‌ನಲ್ಲಿ ಕೊನೆಗೂ ಕಾಂತತ್ವ ಇತ್ತೋ ಇಲ್ಲವೋ?"

ಶುದ್ಧವಾಗಿ ಮತ್ತೆ ಮಾಡಿದಾಗ ಬಹುಪಾಲು ಹೋಯಿತು, ಒಂದು ಚೂರು ಉಳಿಯಿತು. ಆ ಚೂರಿಗೆ ಸಾಲುವಷ್ಟು ಕಬ್ಬಿಣ ಆ ಪುಡಿಯಲ್ಲಿ ಇರಲಿಲ್ಲ. ಅದು ಆಮ್ಲಜನಕದ ತೆರವಿನದೋ, ಸತುವಿನ ತೆರವಿನದೋ ಎಂದು ಬಿಡಿಸಲು ಇನ್ನೂ ಅಳೆಯುತ್ತಿದ್ದೇನೆ ಎಂದೆ. ಸತುವೇ ಕಾಣೆಯಾದರೂ ಸುತ್ತಲಿನ ಆಮ್ಲಜನಕಗಳಲ್ಲಿ ಒಂಟಿ ಎಲೆಕ್ಟ್ರಾನ್ ಉಳಿಯಬಲ್ಲದು ಎಂದು ಲೆಕ್ಕಾಚಾರಗಳು ಹೇಳುತ್ತವೆ.

ಸಭೆ ಚದುರಿದ ಮೇಲೆ ಆ ಹುಡುಗಿ ಮೇಜಿನ ಬಳಿ ನಿಂತು ಮೂಸೆಯೊಳಗಿನ ಕಪ್ಪು ಪುಡಿಯನ್ನು ನೋಡುತ್ತಿದ್ದಳು. ಸ್ವಲ್ಪ ತೆಗೆದುಕೊಳ್ಳಲೇ ಎಂದಳು. ನಿನ್ನ ಪ್ರಾಜೆಕ್ಟ್ ಯಾವುದರ ಮೇಲೆ ಎಂದು ಕೇಳಿದೆ. ತವರದ ಆಕ್ಸೈಡ್ ಎಂದಳು. "ಹಾಗಾದರೆ ತೆಗೆದುಕೋ, ಆದರೆ ಇದನ್ನು ಆ ಕೋಣೆಗೆ ಒಯ್ಯಬೇಡ" ಎಂದೆ. ಅವಳು ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿ, ಅದನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಬಿಗಿದು, ಬ್ಯಾಗಿನ ಹೊರಜೇಬಿಗೆ ಹಾಕಿಕೊಂಡಳು. ಆಮೇಲೆ ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಜವಾನರನ್ನು ಕೇಳುತ್ತಾ ಹೋದಳು.